ಇಲ್ಲಿ ಒತ್ತುತ್ತಾ?

ಕೆಂಪು, ಬಿಳಿ ಟೈಲಿನ ಮೇಲೆ ಕೆಂಪು ಚುಕ್ಕೆ, ಹೊರಬಾಗಿಲಿನಿಂದ ಬಚ್ಚಲಿನವರೆಗೂ, ಯಾರ ರಕ್ತವಿದು, ಅಕ್ಕ ಚಾಕುವಿನಿಂದ ಕೈ ಕೊಯ್ದುಕೊಂಡಳೇ ಎಂದು ಅವನು ಗಾಬರಿಯಿಂದ ಹಿಂತಿರುಗಿ ನೋಡಿದ — ಚುಕ್ಕೆಗಳು ಸಾಕಿದ ನಾಯಿಯ ಹಾಗೆ ತನ್ನ ಹಿಂದೆಯೇ ಬಂದು ಎಡಗಾಲಿನ ಹತ್ತಿರ ನಿಂತಿದ್ದವು, ಕಾಲುಚೀಲದ ತುದಿ ತೊಯ್ದು ಕಪ್ಪಾಗಿದೆ, ನೋವಿಲ್ಲ, ಇಷ್ಟು ರಕ್ತ ಬಂದರೂ ನೋವಿಲ್ಲ, ಒಳ್ಳೆಯದೇ ಅಲ್ಲವೇ, ಬೆಳಗಿನಿಂದ ಹದಿನೆಂಟು ಕಿಲೋಮೀಟರ್ ನಡೆದವನಿಗೆ ಒಂದು ಬೊಬ್ಬೆ ಏಳುವುದು ಸಹಜ, ಬರುವ ಭಾನುವಾರ ಐವತ್ತು ನಡೆಯಬೇಕಾದವನು ಬೊಬ್ಬೆಗೆಲ್ಲ ಹೆದರಿದರೆ ಆಯಿತಪ್ಪ — ಬಚ್ಚಲಿನ ಚಿಲಕ ಹಾಕಿ, ಸ್ಟೂಲಿನ ಮೇಲೆ ಕೂತು ಕಾಲುಚೀಲ ಎಳೆದ, ಅದಕ್ಕೆ ಅಂಟಿಕೊಂಡಿದ್ದ ಏನೋ ಕಳಚಿ ಟಪ್ಪೆಂದು ಬಿತ್ತು. ಕಾಗದದ ಉಂಡೆ.

ಹೊಸ ಶೂವಿನ ಮೂತಿಯೊಳಗೆ ತುರುಕಿರುವ ಕಾಗದ, ದಿನಕ್ಕೆ ಮೂವತ್ತು ಸಲ ಅವನೇ ಎಳೆದು ಬಿಸಾಡುವ ಕಾಗದ, ಹತ್ತೊಂಬತ್ತು ವರ್ಷದಿಂದ, ಅಂಗಡಿಯ ಮೋಟು ಸ್ಟೂಲಿನ ಮೇಲೆ ಕೂತು, ಗಿರಾಕಿಗಳ ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಅದುಮಿ, ಇಲ್ಲಿ ಒತ್ತುತ್ತಾ ಸರ್, ಇಲ್ಲಿ ಒತ್ತುತ್ತಾ ಮೇಡಂ, ಎರಡೂ ಹಾಕ್ಕೊಂಡು ನಡೆದು ನೋಡಿ — ನಿನ್ನ ಬೆರಳಲ್ಲಿ ಕಣ್ಣಿದೆ ಕಣಯ್ಯಾ ಎನ್ನುವ ಮಾಲೀಕರು ಇದನ್ನು ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ, ನಿನ್ನೆ ಅಂಗಡಿ ಮುಚ್ಚುವ ಆತುರದಲ್ಲಿ, ತನಗೆಂದು ಕೊಂಡ ಹೊಸ ಜೋಡಿಯಲ್ಲಿ ಬಲಗಾಲಿನದನ್ನು ತೆಗೆದಿದ್ದ, ಎಡಗಾಲಿನದನ್ನು ಮರೆತಿದ್ದ, ಕಾಲು ತೂರಿಸಿ ತಮಾಷೆಗೆ ತನ್ನನ್ನೇ ಕೇಳಿಕೊಂಡಿದ್ದ, ಇಲ್ಲಿ ಒತ್ತುತ್ತಾ ಸರ್, ಇಲ್ಲಪ್ಪಾ, ಹೇಳಿ ಮಾಡಿಸಿದ ಹಾಗಿದೆ. ಕೈಯ ಹೆಬ್ಬೆರಳಿನಡಿ ಸಿಕ್ಕ ಗಟ್ಟಿಯನ್ನು ಕಾಲ್ಬೆರಳೆಂದುಕೊಂಡಿದ್ದ. ಹದಿನೆಂಟು ಕಿಲೋಮೀಟರ್ ಅದು ಬೆರಳನ್ನು ಅರೆದಿದೆ, ಅವನಿಗೆ ಸುದ್ದಿಯೇ ಇಲ್ಲ.

ಅಪ್ಪನಿಗೂ ಸುದ್ದಿ ಇರಲಿಲ್ಲ — ಸಕ್ಕರೆ ಕಾಯಿಲೆ, ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ — ಡಾಕ್ಟರು ಅಪ್ಪನ ಕಣ್ಣು ಮುಚ್ಚಿಸಿ, ಮುಟ್ಟಿದಾಗ ಹೇಳಿ ಎಂದಿದ್ದರು, ಅಪ್ಪ ಸ್ವಲ್ಪ ಹೊತ್ತು ಕಾದು, ಯಾವಾಗ ಶುರು ಮಾಡ್ತೀರಾ ಡಾಕ್ಟ್ರೇ, ಹಸಿವಾಗ್ತಿದೆ ಎಂದಿದ್ದ, ಅವನೂ ಅಕ್ಕನೂ ನಕ್ಕಿದ್ದರು, ಆಗಲೇ ಮುಟ್ಟುತ್ತಿದ್ದ ಡಾಕ್ಟರು ನಗಲಿಲ್ಲ. ಅವನಿಗೂ ಸಕ್ಕರೆ ಎಂದು ಗೊತ್ತಾದ ವಾರವೇ ಅಕ್ಕ ಈ ಭಾನುವಾರದ ನಡಿಗೆಗೆ ಇಬ್ಬರ ಹೆಸರನ್ನೂ ಬರೆಸಿದ್ದಳು, ಅಪ್ಪನ ಥರ ಕೂತಲ್ಲೇ ಕೂತು ಕಾಲು ಕಳ್ಕೋಬೇಡ ಕಣೋ, ನಡಿ, ನಾನೂ ಬರ್ತೀನಿ, ನಡೆದ, ನಾಲ್ಕು ತಿಂಗಳು ನಡೆದ, ನಡೆದಷ್ಟೂ ಅದು ದೂರವಾಗುತ್ತದೆ ಎಂದುಕೊಂಡು ಹೆದರಿಕೆಯಿಂದಲೇ ನಡೆದ.

ಏನೋ ಇದು ನೆಲದ ಮೇಲೆ, ಬಾಗಿಲು ತೆಗಿಯೋ. ಏನಿಲ್ಲ ಅಕ್ಕಾ, ಬೊಬ್ಬೆ. ಬೊಬ್ಬೆ ಅಂತೆ ಬೊಬ್ಬೆ, ತೆಗಿ ಮೊದ್ಲು. ಉಂಡೆಯನ್ನು ಬಕೆಟ್ಟಿನ ಹಿಂದೆ ತಳ್ಳಬೇಕು, ನೀರು ಸುರಿಯಬೇಕು, ಭಾನುವಾರ ಕಳೆದ ಮೇಲೆ ಹೇಳಿದರಾಯಿತು, ಎಂದುಕೊಳ್ಳುತ್ತಲೇ ಚಿಲಕ ತೆಗೆದ, ಅಕ್ಕ ನೆಲಕ್ಕೆ ಕೂತಳು, ಗಾಯ ನೋಡಿದಳು, ಉಂಡೆ ನೋಡಿದಳು, ಎರಡು ವರ್ಷ ಅಪ್ಪನ ಕಾಲಿಗೆ ಪಟ್ಟಿ ಕಟ್ಟಿದವಳು, ಬೈಯಲಿಲ್ಲ, ಬೈಯಬಾರದೇ, ಬೈದಿದ್ದರೆ ಎಷ್ಟೋ ಧೈರ್ಯ ಇರುತ್ತಿತ್ತು. ಕಣ್ಣು ಮುಚ್ಚು. ಯಾಕಕ್ಕಾ. ಮುಚ್ಚೋ, ಗಾಯ ಇಲ್ಲದ ಬೆರಳು ಒತ್ತುತ್ತೀನಿ, ಒತ್ತಿದಾಗ ಹೇಳು. ಮುಚ್ಚಿದ. ನಲ್ಲಿ ತೊಟ್ಟಿಕ್ಕುತ್ತಿದೆ, ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಅದು ಹೊತ್ತಿಕೊಳ್ಳುತ್ತಿಲ್ಲ, ಅಕ್ಕನ ಉಸಿರು ತೀರಾ ಹತ್ತಿರದಲ್ಲಿದೆ, ಒತ್ತಕ್ಕಾ ಎಂದ, ಕಾಲಿನ ಹತ್ತಿರ ಅಕ್ಕನ ಬಳೆ ಸದ್ದಾಯಿತು, ಒತ್ತೇ ಬೇಗ, ಯಾವಾಗ ಶುರು ಮಾಡ್ತೀಯಾ — ಕಣ್ಣು ತೆರೆಯಲಿಲ್ಲ, ತೆರೆಯಲಾರ, ಮುಚ್ಚಿದ ಕಣ್ಣೊಳಗೆ ಉಂಡೆ, ಕಾಗದದ ಉಂಡೆ, ತನ್ನದೇ ಬೆರಳಿನ ಅಚ್ಚು ಮೂಡಿದ ಕೆಂಪು ಉಂಡೆ.