ಬೋರ್ಡಿನ ಆಚೆ

“ನಾ ಒಪ್ಪಲ್ರಿ, ಸ್ವಾಮಿ” ಎಂದಳು ಸಾಲಿನ ಕೊನೆಗೆ ನಿಂತಿದ್ದ ಹೆಂಗಸು.

ಬಾಗಿಲ ಬಳಿ ಗೋಡೆಗೆ ಒರಗಿಕೊಂಡಿದ್ದ ದಫೇದಾರ ನಾಗಪ್ಪ ನೆಟ್ಟಗಾದ. ಅತಿವೇಗದ ಕೇಸುಗಳಿದ್ದ ದಿನ ಕೋರ್ಟಿನಲ್ಲಿ ಅವನಿಗೆ ಕೆಲಸವೇ ಇರುತ್ತಿರಲಿಲ್ಲ. ಹೆಸರು ಕೂಗುವುದು, ಡ್ರೈವರುಗಳು ಕೈಮುಗಿದು ತಪ್ಪಾಯಿತು ಅನ್ನುವುದು, ದಂಡ ಕಟ್ಟಿ ಗಾಡಿ ಹತ್ತುವುದು, ಅಷ್ಟೆ. ಅವತ್ತು ಮುಂದಿನವರೆಲ್ಲ ಹಾಗೇ ಹೋಗಿದ್ದರು. ಮುಂದಿನ ಕಡತಕ್ಕೆ ಕೈ ಹಾಕಿದ್ದ ನ್ಯಾಯಾಧೀಶರು ಕೈ ಹಿಂದಕ್ಕೆ ತೆಗೆದುಕೊಂಡು, ದಂಡ ಸಣ್ಣದು, ಇವತ್ತೇ ಮುಗಿದುಹೋಗುತ್ತದೆ, ಕೇಸು ನಡೆಸುವುದಾದರೆ ತಿರುತಿರುಗಿ ಬರಬೇಕಾಗುತ್ತದೆ ಎಂದು ತಿಳಿಸಿ ಹೇಳಿದರು. ಬರ್ತೀನಿ ಎಂದಳು. ವಕೀಲರು ಯಾರು ಎಂದು ಕೇಳಿದರು. ಯಾರೂ ಇಲ್ಲ, ನಾನೇ ಮಾತಾಡ್ತೀನಿ ಎಂದಳು. ಬಸ್ಸಿನಲ್ಲಿ ಪಕ್ಕದವರಿಗೆ ತನ್ನ ಊರು ಹೇಳುವಷ್ಟು ಸಲೀಸಾಗಿತ್ತು ಅವಳ ದನಿ. ಹೊರಗೆ ಹೋಗುತ್ತಿದ್ದ ಇಬ್ಬರು ಲಾರಿ ಡ್ರೈವರುಗಳು ಬಾಗಿಲಲ್ಲೇ ನಿಂತು ತಿರುಗಿ ನೋಡಿದರು.

ಅವಳು ಮಾಗಳದ ಜಂಬಕ್ಕ. ಹೊಳೆದಂಡೆಯ ಮಲ್ಲಿಗೆ ತೋಟಗಳ ಹೂವನ್ನು ನಸುಕಿನಲ್ಲೇ ತುಂಬಿಕೊಂಡು ಹಡಗಲಿ ದಾಟಿ ಹರಪನಹಳ್ಳಿಗೆ ಮುಟ್ಟಿಸುವ ಟೆಂಪೊ ಅವಳದು. ಮೊದಲು ಅದನ್ನು ಓಡಿಸುತ್ತಿದ್ದವನು ಅವಳ ಗಂಡ ಗಂಗಪ್ಪ. ಅವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ ಟೆಂಪೊ ಮಾರುತ್ತಾರೆ ಎಂದೇ ಊರವರು ತಿಳಿದಿದ್ದರು. ಅವಳು ಗಂಡನನ್ನು ಎತ್ತಿ ಪಕ್ಕದ ಸೀಟಿಗೆ ಕೂಡಿಸಿಕೊಂಡು, ಬತ್ತಿದ ಕೆರೆಯಂಗಳದಲ್ಲಿ ಗಾಡಿ ಕಲಿತಳು. ಅವನ ನಾಲಿಗೆ ತೊದಲುತ್ತಿತ್ತು. ಎಡಗೈಯಲ್ಲಿ ಗೇರು ತೋರಿಸುತ್ತಿದ್ದ. ಲೈಸೆನ್ಸ್ ಬಂದ ಮೇಲೂ ತೋಟದವರು ಹೂವು ಹಾಕಲು ಹಿಂದೆಮುಂದೆ ನೋಡಿದರು. ಹೆಣ್ಣುಮಗಳು, ಎಲ್ಲಿ ಕೆಡವುತ್ತಾಳೋ ಎಂದು ಕಟ್ಟೆಯ ಮೇಲೆ ಮಾತಾಯಿತು. ಒಂದು ಮಳೆಗಾಲ ಪೂರ್ತಿ ಅವಳು ಒಂದು ಪುಟ್ಟಿಯೂ ಉರುಳದ ಹಾಗೆ ಹೂವು ಮುಟ್ಟಿಸಿದ ಮೇಲೆ ಆ ಮಾತು ನಿಂತಿತ್ತು.

ಅವಳ ಗಾಡಿಗೆ ಕೈ ಅಡ್ಡ ಹಿಡಿದವನು ನಾಗಪ್ಪನೇ.

ಹಡಗಲಿಯಿಂದ ಹರಪನಹಳ್ಳಿಗೆ ಹೋಗುವಾಗ ಕರೇಕಟ್ಟಿ ಅನ್ನುವ ಊರಿಗೆ ಮುಂಚೆ ಒಂದು ಉದ್ದನೆಯ ಇಳಿಜಾರು ಬರುತ್ತದೆ. ಎರಡೂ ಬದಿ ಬರೀ ಜೋಳದ ಹೊಲ, ಒಂದು ಮನೆ ಇಲ್ಲ. ಆ ಬಯಲಿನಲ್ಲಿ ಐವತ್ತರ ವೇಗಕ್ಕೆ ಅಪ್ಪಣೆ, ಊರೊಳಗೆ ಮೂವತ್ತಕ್ಕೆ. ಎಲ್ಲಿಂದ ಮೂವತ್ತು ಎಂದು ತಿಳಿಸುವ ಬೋರ್ಡು ಇಳಿಜಾರಿನ ಬುಡದಲ್ಲಿ ಬೇವಿನ ಮರದ ಮಗ್ಗುಲಿಗೆ ನಿಂತಿತ್ತು. ಎರಡು ಸಾವಿರದ ಐದರ ಬೇಸಿಗೆಯಲ್ಲಿ ವೇಗ ಅಳೆಯುವ ಯಂತ್ರ ಠಾಣೆಗೆ ಬಂದಾಗ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಆ ಬೇವಿನ ನೆರಳನ್ನೇ ಆರಿಸಿಕೊಂಡರು. ಯಂತ್ರ ಪಿಸ್ತೂಲಿನ ಹಾಗೆ ಕೈಯಲ್ಲಿ ಹಿಡಿಯುವಂಥದ್ದು; ಅದರ ಕಣ್ಣು ಬಹಳ ದೂರ ಹೋಗುತ್ತಿತ್ತು. ಸಾಹೇಬರು ಇಳಿಜಾರಿನ ನಡುಮಧ್ಯಕ್ಕೆ ಗುರಿ ಹಿಡಿದು ಗುಂಡಿ ಒತ್ತಿ ಅಂಕಿ ಕೂಗುವರು. ಬೋರ್ಡಿನ ಹತ್ತಿರ ನಿಂತ ನಾಗಪ್ಪ ರಸ್ತೆಗೆ ಇಳಿದು ಗಾಡಿ ನಿಲ್ಲಿಸುವನು. ಗಾಡಿ ನಿಲ್ಲುತ್ತಿದ್ದದ್ದು ಬೋರ್ಡಿನ ಈಚೆ, ಊರಿನ ಕಡೆ; ಅಂಕಿ ಸಿಗುತ್ತಿದ್ದದ್ದು ಬೋರ್ಡಿನ ಆಚೆ, ಐವತ್ತರ ಬಯಲಿನಲ್ಲಿ. ನಾಗಪ್ಪನಿಗೆ ಇದು ಮೊದಲ ದಿನವೇ ಕಂಡಿತ್ತು. ಸಾಹೇಬರು ವಯಸ್ಸಿನಲ್ಲಿ ಸಣ್ಣವರು, ಲಂಚ ಮುಟ್ಟದವರು, ಕೆಲಸದ ಹುರುಪಿನವರು. ಆದರೂ ನಾಗಪ್ಪ ಅವರಿಗೆ ಹೇಳಲಿಲ್ಲ. ಮೇಲಿನವರ ಕಣ್ಣಿಗೆ ಬಿದ್ದಷ್ಟೇ ತನ್ನ ಕಣ್ಣಿಗೂ ಬಿದ್ದ ಹಾಗೆ ಇರುವುದು ಅವನ ನೌಕರಿಯ ಉದ್ದಕ್ಕೂ ಅಭ್ಯಾಸವಾಗಿಹೋಗಿತ್ತು.

ಜಂಬಕ್ಕನ ಟೆಂಪೊ ಬಂದಾಗಲೂ ಹಾಗೇ ಆಯಿತು. ಸಾಹೇಬರು ನಲವತ್ತೆಂಟು ಎಂದು ಕೂಗಿದಾಗ ಅದು ಇನ್ನೂ ಇಳಿಜಾರಿನ ನಡುವಿನ ಸಣ್ಣ ಸೇತುವೆಯ ಹತ್ತಿರವಿತ್ತು. ಬೋರ್ಡಿನ ಸಮಕ್ಕೆ ಬರುವಷ್ಟರಲ್ಲಿ ಅವಳು ವೇಗ ಇಳಿಸಿ, ಎತ್ತಿನ ಬಂಡಿಯ ಹಾಗೆ ನಿಧಾನಕ್ಕೆ ಬಂದು ಅವನ ಮುಂದೆ ನಿಂತಳು. ಅವಳು ವಾದಿಸಲಿಲ್ಲ. ಕೊಟ್ಟ ಕಾಗದ ತೆಗೆದುಕೊಂಡು, ಕೆಳಗಿಳಿದು, ಬೋರ್ಡಿನ ಹತ್ತಿರ ಹೋಗಿ ನಿಂತು ಬಂದ ದಾರಿಯನ್ನು ಒಂದು ಸಲ ನೋಡಿದಳು. ಆಮೇಲೆ ಹೂವು ಬಾಡುತ್ತದೆ ಎಂದು ಹೊರಟುಹೋದಳು.

ಕೇಸು ನಡೆಯುತ್ತದೆ ಎಂದು ಗೊತ್ತಾದಾಗ ಸಾಹೇಬರು ಮೊದಲು ನಕ್ಕರು. ವಾಯಿದೆಯಿಂದ ವಾಯಿದೆಗೆ ಅವಳು ತಪ್ಪದೆ ಬರುವುದನ್ನು ಕಂಡ ಮೇಲೆ ನಗಲಿಲ್ಲ. ಒಬ್ಬಳು ಗೆದ್ದರೆ ಹಿಂದೆ ದಂಡ ಕಟ್ಟಿದವರೆಲ್ಲ ಬಾಯಿ ಬಿಡುತ್ತಾರೆ, ಹೋಗಿ ತಿಳಿಹೇಳು ಎಂದು ನಾಗಪ್ಪನನ್ನು ಕಳಿಸಿದರು. ಅವನ ಬಡ್ತಿಯ ಕಡತ ತಮ್ಮ ಮೇಜಿನ ಮೇಲೇ ಇದೆ ಎಂಬುದನ್ನೂ, ಒತ್ತಿ ಹೇಳದೆ, ಮಾತಿನ ನಡುವೆ ಸೇರಿಸಿದರು. ಮನೆಯಲ್ಲಿ ಹೆಂಡತಿ ಅನ್ನದಾನಮ್ಮನದೂ ಅದೇ ಮಾತು. ನಿವೃತ್ತಿಗೆ ಮುಂಚೆ ಒಂದು ನಕ್ಷತ್ರ ಹೆಗಲಿಗೆ ಬರಲಿ, ಯಾರದೋ ಟೆಂಪೊ ಕಟ್ಟಿಕೊಂಡು ನಿಮಗೇನು ಎಂದಳು.

ನಾಗಪ್ಪ ಮಾಗಳಕ್ಕೆ ಹೋದಾಗ ಇಳಿಹೊತ್ತು. ಗಂಗಪ್ಪ ಮನೆಯ ಮುಂದೆ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಜಂಬಕ್ಕ ಗಾಡಿಯ ಕೆಳಗೆ ಮಲಗಿ ಏನನ್ನೋ ಬಿಗಿಮಾಡುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗದೆ ಎದ್ದು, ಕೈ ತೊಳೆದು, ಮಜ್ಜಿಗೆ ತಂದುಕೊಟ್ಟಳು. ಅವನು ದಾರಿಯಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಹೇಳಿದ. ದಂಡ ಸಣ್ಣದು, ಕೋರ್ಟಿಗೆ ಅಲೆಯುವುದರಲ್ಲಿ ಅವಳ ಬಾಡಿಗೆಯೇ ಹೋಗುತ್ತದೆ, ಒಪ್ಪಿಕೊಂಡರೆ ಯಾರೂ ಅವಳನ್ನು ಕಳ್ಳಿ ಅನ್ನುವುದಿಲ್ಲ ಎಂದ. ಅವಳು ಪೂರ್ತಿ ಕೇಳಿಸಿಕೊಂಡಳು.

“ದಂಡದ ಮಾತಲ್ಲರಿ, ದಫೇದಾರ್ರ” ಎಂದಳು. “ನಾ ಗಾಡಿ ಹಿಡಿದಾಗ ಈ ಊರಾಗ ಏನಂದ್ರು ನಿಮಗ ಗೊತ್ತಿಲ್ಲ. ಜೋರು ಓಡಿಸಿದೆ ಅಂತ ನನ್ನ ಬಾಯಿಲೇ ಒಪ್ಕೊಂಡ್ರ, ನಾಳಿ ಒಂದ ಪುಟ್ಟಿ ಬಿದ್ರೂ ನೋಡು ಕೋರ್ಟೇ ಹೇಳೇತಿ ಅಂತಾರ. ಸ್ಟೇರಿಂಗ್ ಕೈ ಬಿಟ್ಟು ಹೋತು ಅಂದ್ರ ಮತ್ತ ಬರಲ್ಲ.”

ನಾಗಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಆಗ ಹೊರಸಿನ ಮೇಲಿನಿಂದ ಗಂಗಪ್ಪ, ಒಂದೊಂದೇ ಮಾತನ್ನು ಬಾಯಿಂದ ಎತ್ತಿ ಇಡುವಂತೆ, “ಅಕಿ... ಬ್ರೇಕು... ನನಗಿಂತ ಚಲೋ ಹಿಡೀತಾಳ” ಎಂದ. ಅಷ್ಟು ಹೇಳಿ ದಣಿದು ಕಣ್ಣು ಮುಚ್ಚಿದ. ಜಂಬಕ್ಕ ಸೆರಗಿನಿಂದ ಅವನ ಬಾಯಂಚು ಒರೆಸಿದಳು.

ಎದ್ದು ಹೊರಟ ನಾಗಪ್ಪನನ್ನು ಅವಳು ಬೀದಿಯ ತನಕ ಕಳಿಸಲು ಬಂದಳು. ಈಗ ಕೇಳುತ್ತಾಳೆ, ಕೈ ಹಿಡಿಯುತ್ತಾಳೆ, ನಿಜ ಹೇಳಿ ಎಂದು ಅಂಗಲಾಚುತ್ತಾಳೆ ಎಂದು ಅವನು ಮನಸ್ಸಿನಲ್ಲೇ ಗಟ್ಟಿಯಾದ. ಮೂವತ್ತು ವರ್ಷದಲ್ಲಿ ಎಷ್ಟೋ ಜನ ಅವನ ಮನೆಯ ಬಾಗಿಲಿಗೆ ಬಂದು ಕಾಲು ಹಿಡಿದಿದ್ದರು. ಅಂಥವರಿಗೆ ಏನು ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು.

“ಕೋರ್ಟಿನಾಗ ನೀವು ಸಾಕ್ಷಿ ಹೇಳಾಕ ನಿಂತಾಗ ನಾ ನಿಮಗ ಒಂದ ಮಾತು ಕೇಳಾಕಿ ಅದೀನಿ” ಎಂದಳು. “ಸಾಹೇಬ್ರು ಅಂಕಿ ಕೂಗಿದಾಗ ನನ್ನ ಗಾಡಿ ಬೋರ್ಡಿನ ಆಚಿಗಿತ್ತೋ ಈಚಿಗಿತ್ತೋ, ಅಷ್ಟ. ಮುಂಚೇನ ಹೇಳಿರ್ತೀನಿ. ನಾಲ್ಕು ಮಂದಿ ಮುಂದ ಫಕ್ಕನ ಕೇಳಿ ನಿಮ್ಮನ್ನ ಸಿಗಿಸಬಾರದು.”

“ನಾ ಈಚಿಗಿತ್ತು ಅಂದ್ರ?”

“ಅಂದ್ರ ಅದು ನಿಮ್ಮ ಮಾತು. ಹಿಂಗ ಹೇಳ್ರಿ, ಹಂಗ ಹೇಳ್ರಿ ಅನ್ನಾಕ ನಾ ಯಾರು? ದಂಡ ಕಟ್ಟಿ ಬರ್ತೀನಿ.”

ನಾಗಪ್ಪ ಠಾಣೆಯ ಮೋಟರ್ ಸೈಕಲ್ ಚಾಲೂ ಮಾಡಿದ. ಹಡಗಲಿಯವರೆಗೂ ಅವನಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಎದುರು ಪಕ್ಷದವನಿಗೆ ತನಗಿರುವ ಒಂದೇ ಒಂದು ಆಯುಧವನ್ನು ತಂದು ತೋರಿಸಿ, ಇದರಿಂದ ಹೊಡೆಯುತ್ತೇನೆ, ಬೇಕಾದರೆ ತಪ್ಪಿಸಿಕೋ ಅನ್ನುವ ಮನುಷ್ಯರನ್ನು ಅವನು ನೋಡಿರಲಿಲ್ಲ. ವಕೀಲರಲ್ಲಿ ಇರಲಿಲ್ಲ, ಪೊಲೀಸರಲ್ಲಂತೂ ಇರಲೇ ಇಲ್ಲ. ಅವಳು ಅತ್ತಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದು ದಾರಿಯಲ್ಲಿ ಎರಡು ಮೂರು ಸಲ ಅನ್ನಿಸಿತು.

ಸಾಕ್ಷಿಯ ದಿನ ಕೋರ್ಟು ತುಂಬಿತ್ತು. ಸುದ್ದಿ ಹೇಗೋ ಹಬ್ಬಿ ಟೆಂಪೊ, ಲಾರಿಗಳ ಡ್ರೈವರುಗಳು ಹಿಂದಿನ ಬೆಂಚುಗಳಲ್ಲಿ ಬಂದು ಕೂತಿದ್ದರು. ಮಾಗಳದ ತೋಟದವರೂ ಕೆಲವರಿದ್ದರು. ಅವರು ಯಾರ ಪರವಾಗಿ ಬಂದಿದ್ದಾರೆಂದು ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಸಾಹೇಬರು ತಮ್ಮ ಹೇಳಿಕೆ ಮುಗಿಸಿ ಮುಂದಿನ ಸಾಲಿನಲ್ಲಿ ಕೂತರು. ನಾಗಪ್ಪ ಕಟಕಟೆ ಹತ್ತಿದ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಹೌದು, ತಾನು ಜಾಗದಲ್ಲಿದ್ದೆ. ಹೌದು, ಯಂತ್ರದಲ್ಲಿ ನಲವತ್ತೆಂಟು ಬಂತು. ಹೌದು, ಗಾಡಿ ನಿಲ್ಲಿಸಿದ್ದು ತಾನೇ, ಬೋರ್ಡಿನ ಈಚೆ. ವಕೀಲರು ತೃಪ್ತಿಯಿಂದ ಕೂತರು.

ಆರೋಪಿ ಏನಾದರೂ ಕೇಳುವುದಿದೆಯೇ ಎಂದರು ನ್ಯಾಯಾಧೀಶರು. ಜಂಬಕ್ಕ ಎದ್ದು ನಿಂತಳು. ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು; ಅದರ ಮೇಲೆ ಗಾಡಿ ಓಡಿಸುವಾಗ ಹಾಕುವ ಗಂಡಸರ ಖಾಕಿ ಅಂಗಿ. ಮೊದಲು ನ್ಯಾಯಾಧೀಶರ ಕಡೆ ತಿರುಗಿ, ವೇಗದ ಅಂಕಿ ಸುಳ್ಳು ಅನ್ನುವುದಿಲ್ಲ, ನಲವತ್ತೆಂಟು ಇದ್ದಿರಬಹುದು, ತನ್ನ ತಕರಾರು ಅದು ಸಿಕ್ಕ ಜಾಗದ್ದು ಎಂದಳು. ಸರ್ಕಾರಿ ವಕೀಲರು ತಲೆ ಎತ್ತಿದರು. ವೇಗವನ್ನು ತಾನಾಗಿಯೇ ಒಪ್ಪಿಕೊಂಡು ಕೇಸು ನಡೆಸುವವರನ್ನು ಅವರೂ ಕಂಡಿರಲಿಲ್ಲವೇನೋ. ಆಮೇಲೆ ಅವಳು ನಾಗಪ್ಪನ ಕಡೆ ತಿರುಗಿ, ಮಾಗಳದ ಬೀದಿಯಲ್ಲಿ ಹೇಳಿದ್ದ ಮಾತನ್ನೇ, ಒಂದು ಅಕ್ಷರ ಹೆಚ್ಚುಕಡಿಮೆ ಮಾಡದೆ ಕೇಳಿದಳು.

ಅವನು ಎರಡು ಉತ್ತರಗಳನ್ನೂ ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದ. ಬೆಳಿಗ್ಗೆ ಅನ್ನದಾನಮ್ಮ ಹಣೆಗೆ ವಿಭೂತಿ ಹಚ್ಚಿಕೊಟ್ಟಾಗಲೂ ಯಾವುದು ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಎದುರಿಗೆ ಸಾಹೇಬರ ಮುಖ ಕಂಡಿತು. ಜಂಬಕ್ಕ ಅವನನ್ನು ದಿಟ್ಟಿಸಿ ನೋಡುತ್ತಿರಲಿಲ್ಲ. ತನ್ನ ಸರದಿ ಮುಗಿಯಿತು ಎಂಬಂತೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದಳು. ತನ್ನನ್ನು ನಂಬಿ ಬಿಟ್ಟು ನಿಂತಿದ್ದಾಳೆ ಎನ್ನಿಸಿತು ನಾಗಪ್ಪನಿಗೆ. ಖಾಕಿ ಹಾಕಿದಾಗಿನಿಂದ ಜನ ಅವನಿಗೆ ಅಂಜಿದ್ದರು, ನಮಸ್ಕಾರ ಮಾಡಿದ್ದರು, ಬೆನ್ನ ಹಿಂದೆ ಬೈದಿದ್ದರು.

“ಆಚಿಗಿತ್ತು, ಸ್ವಾಮಿ” ಎಂದ. “ಸಾಹೇಬ್ರು ಕೂಗಿದಾಗ ಗಾಡಿ ಇನ್ನೂ ಸೇತುವಿ ಹತ್ತಿರ ಇತ್ತು. ಬೋರ್ಡಿಗೆ ಬರೋ ಹೊತ್ತಿಗೆ ನಿಧಾನ ಮಾಡಿದ್ಲು. ನನ್ನ ಮುಂದ ಬಂದು ನಿಲ್ಲೋವಾಗ ನಡಕೊಂತ ಬಂದಂಗ ಬಂದ್ಲು.”

ಹಾಗಾದರೆ ಊರೊಳಗೆ ಅತಿವೇಗ ಎಂದು ಬರೆದ ಕಾಗದಕ್ಕೆ ರುಜು ಯಾಕೆ ಹಾಕಿದೆ ಎಂದು ನ್ಯಾಯಾಧೀಶರು ಕೇಳಿದರು. ಹಾಕು ಅಂದರು, ಹಾಕಿದೆ ಎಂದ ನಾಗಪ್ಪ. ಅದು ಅವನ ಬಾಯಿಂದ ಇಷ್ಟು ಸಣ್ಣದಾಗಿ ಹೊರಬಂದದ್ದು ಅವನಿಗೇ ನಾಚಿಕೆ ತಂದಿತು. ನ್ಯಾಯಾಧೀಶರು ಬಹಳ ಹೊತ್ತು ಬರೆದರು. ಮಧ್ಯಾಹ್ನದ ಮೇಲೆ ಆರೋಪ ಸಾಬೀತಾಗಿಲ್ಲವೆಂದು ಜಂಬಕ್ಕನನ್ನು ಬಿಟ್ಟರು. ಯಂತ್ರ ಹಿಡಿಯುವವರು ಮೊದಲು ಗಡಿ ನೋಡಿಕೊಳ್ಳಬೇಕು ಎಂದು ಸಾಹೇಬರಿಗೂ ಒಂದು ಮಾತು ಹೇಳಿದರು.

ಹೊರಗೆ ಡ್ರೈವರುಗಳು ಅವಳನ್ನು ಸುತ್ತುಗಟ್ಟಿದರು. ತೋಟದ ಯಜಮಾನ ಓಬಣ್ಣ, ಹೆಣ್ಣುಮಗಳು ಎಲ್ಲಿ ಕೆಡವುತ್ತಾಳೋ ಎಂದು ಎಲ್ಲರಿಗಿಂತ ಮೊದಲು ಅಂದಿದ್ದವನು, ಗಂಟಲು ಸರಿಮಾಡಿಕೊಂಡು ನಾಳೆ ಹೂವು ಜಾಸ್ತಿ ಇದೆ, ಬೇಗ ಬಾ ಎಂದ. ಅವಳು ಆಗಲಿ ಎಂದಳು. ನಾಗಪ್ಪ ಹಿಂದಿನ ಬಾಗಿಲಿನಿಂದ ಠಾಣೆಗೆ ನಡೆದುಹೋದ.

ಬಡ್ತಿ ಬರಲಿಲ್ಲ. ಹೊಳೆಯ ಕಡೆಯ ಹೊರಠಾಣೆಗೆ ವರ್ಗವಾಯಿತು. ಸಾಹೇಬರು ಕೂಗಾಡಲಿಲ್ಲ, ಆದೇಶ ಕೈಗೆ ಕೊಡುವಾಗ ಮುಖ ಮಾತ್ರ ನೋಡಲಿಲ್ಲ. ಅನ್ನದಾನಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವನ ಅಂಗಿಗಳನ್ನು ಮಡಿಚಿ ಟ್ರಂಕಿಗೆ ಇಡುತ್ತ, ಆ ಹೆಂಗಸು ಟೆಂಪೊವನ್ನು ಒಬ್ಬಳೇ ರಿಪೇರಿನೂ ಮಾಡ್ತಾಳಂತ ಹೌದಾ ಎಂದು ಕೇಳಿದಳು. ಹೌದು ಎಂದ. ಅವಳು ಇನ್ನೊಂದು ಅಂಗಿ ಮಡಿಚಿದಳು.

ಹೊರಟ ದಿನ ಬಸ್ಸು ಬರಲಿಲ್ಲ. ಟ್ರಂಕಿನ ಮೇಲೆ ಕೂತು ಬಿಸಿಲಲ್ಲಿ ಕಾಯುತ್ತಿದ್ದ ನಾಗಪ್ಪನ ಮುಂದೆ ಹರಪನಹಳ್ಳಿಯಿಂದ ಖಾಲಿ ಬರುತ್ತಿದ್ದ ಟೆಂಪೊ ನಿಂತಿತು. ಜಂಬಕ್ಕ ಇಳಿದು ಬಂದು, ಅವನು ಬೇಡ ಅನ್ನುವಷ್ಟರಲ್ಲಿ, ಟ್ರಂಕಿನ ಒಂದು ತುದಿ ಹಿಡಿದಳು. ಕೋರ್ಟಿನ ಮಾತು ಇಬ್ಬರೂ ಎತ್ತಲಿಲ್ಲ. ಗಂಗಪ್ಪ ಈಗ ಕೋಲು ಹಿಡಿದು ಅಂಗಳದವರೆಗೆ ಬರುತ್ತಾನೆ ಎಂದಳು. ಒಳ್ಳೆಯದಾಯಿತು ಎಂದ. ಇಂಜಿನ್ನಿನ ಬಿಸಿಗೆ, ಗಾಡಿಯ ಒಂದೇ ಹದದ ಓಟಕ್ಕೆ, ಅವನ ತಲೆ ಬಾಗಿಲಿಗೆ ತಾಗಿ ನಿದ್ದೆ ಬಂತು.

ಎಚ್ಚರವಾದಾಗ ಗಾಡಿ ನಿಂತಿತ್ತು, ಇಂಜಿನ್ನೂ ನಿಂತಿತ್ತು. ಮುಂದೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಕುರಿ ಹಿಂಡು ದಾಟುತ್ತಿತ್ತು. ಹಿಂಡಿನ ಹಿಂದೆ ಕಂಬಳಿ ಹೊದ್ದ ಮುದುಕನೊಬ್ಬ, ಕಂಕುಳಲ್ಲಿ ಅವತ್ತೇ ಹುಟ್ಟಿದಂತಿದ್ದ ಮರಿ ಹಿಡಿದು ನಿಧಾನವಾಗಿ ಬರುತ್ತಿದ್ದ. ಜಂಬಕ್ಕ ಹಾರ್ನ್ ಮುಟ್ಟಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಊರಿ, ಗದ್ದ ಅದರ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದಳು. ಕೊನೆಯ ಕುರಿಯೂ ದಾಟಿತು. ಮುದುಕ ಇನ್ನೂ ರಸ್ತೆಯ ನಡುವೆ ಇದ್ದ.