ಅಂಟಿಸದ ಲಕೋಟೆ

ಸೊರಬದಿಂದ ಹೊರಟ ಬಸ್ಸು ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಉಚ್ಚಂಗಪ್ಪ ಅಂಗಿಯ ಜೇಬನ್ನು ಏಳೆಂಟು ಸಲ ಮುಟ್ಟಿ ನೋಡಿಕೊಂಡಿದ್ದ. ಲಕೋಟೆ ಜೇಬಿನಲ್ಲೇ ಇತ್ತು. ಅದರ ಬಾಯಿ ತೆರೆದೇ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಅಂಟಿಸದ ಆ ಮಡಿಕೆ ಎದ್ದು ಎದೆಗೆ ತಾಗಿ, ಯಾಕೆ, ಯಾಕೆ ಎಂದು ಕೇಳಿದಂತಾಗುತ್ತಿತ್ತು.

ಐವತ್ತೆಂಟನೆಯ ಇಸವಿ, ಶಿವರಾತ್ರಿ ಕಳೆದು ಒಂದು ವಾರ. ಶಿಕಾರಿಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಉಚ್ಚಂಗಪ್ಪನಿಗೆ ಇಪ್ಪತ್ತಾರು ವರ್ಷ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯುತ್ತಿನಿಂದ ಲೆಕ್ಕ ಮಾಡುವ ಗಣಕಯಂತ್ರ ಇದೆಯೆಂದೂ, ಗಣಿತದ ಪದವಿ ಪಡೆದವರಿಗೆ ಆ ಯಂತ್ರದ ವಿದ್ಯೆಯಲ್ಲಿ ಎಂ.ಎಸ್ಸಿ. ಮಾಡಿಸುತ್ತಾರೆಂದೂ ಅವನು ವಾಚನಾಲಯದ ಪತ್ರಿಕೆಯಲ್ಲಿ ಓದಿದ್ದ. ಮೈಸೂರು ರಾಜ್ಯದಿಂದ ಒಬ್ಬನಿಗೆ ವಿದ್ಯಾರ್ಥಿವೇತನ. ಒಬ್ಬನಿಗೆ ಮಾತ್ರ. ಬರೆದು ತರಿಸಿಕೊಂಡ ಅರ್ಜಿಯನ್ನು ಮೂರು ಸಲ ಕರಡು ಮಾಡಿ, ನಾಲ್ಕನೆಯ ಸಲ ಶಾಯಿಯಲ್ಲಿ ತುಂಬಿ ಕಳಿಸಿದ್ದ. ಬಾಕಿ ಇದ್ದದ್ದು ಒಂದೇ: ಅಭ್ಯರ್ಥಿಯನ್ನು ಚೆನ್ನಾಗಿ ಬಲ್ಲ ಗುರುವಿನ ಶಿಫಾರಸು ಪತ್ರ. ಅದರ ನಿಯಮ ಅರ್ಜಿಯ ಕೊನೆಯಲ್ಲಿ ಅಚ್ಚಾಗಿತ್ತು. ಪತ್ರ ಬರೆದವರೇ ಲಕೋಟೆಯನ್ನು ಅಂಟಿಸಿ, ಅಂಟಿದ ಜಾಗದ ಮೇಲೆ ಅಡ್ಡಲಾಗಿ ರುಜು ಹಾಕಿರಬೇಕು. ಹಾಗಿಲ್ಲದ ಪತ್ರವನ್ನು ಪರಿಗಣಿಸಲಾಗದು.

ಆ ಪತ್ರಕ್ಕಾಗಿಯೇ ಇವತ್ತು ಭಾನುವಾರ ಅವನು ಸೊರಬಕ್ಕೆ ಹೋಗಿದ್ದು. ಹೈಸ್ಕೂಲಿನಲ್ಲಿ ಅವನಿಗೆ ಗಣಿತ ಕಲಿಸಿದ ರಘುಪತಿ ಮೇಷ್ಟ್ರು ನಿವೃತ್ತರಾಗಿ ಅಲ್ಲೇ ಪೇಟೆಬೀದಿಯ ಮನೆಯಲ್ಲಿದ್ದರು. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದವರು ಎದ್ದು ಒಳಗೆ ಹೋಗಿ ಲಕೋಟೆ ತಂದರು.

“ತಗ. ನಿನ್ನೇನೇ ಬರ್ದಿಟ್ಟಿದ್ದೆ. ನೀನೇ ಅಂಚೆಗೆ ಹಾಕು, ನಿನ್ನ ಕೈಯಿಂದ್ಲೇ ಹೋಗ್ಲಿ.”

ಉಚ್ಚಂಗಪ್ಪ ಎರಡೂ ಕೈ ಚಾಚಿ ತೆಗೆದುಕೊಂಡ. ಬಾಯಿ ತೆರೆದಿರುವುದು ಕೈಗೆ ತಿಳಿಯಿತು.

“ಸಾರ್, ಅಂಟು ಹಚ್ಚಿಲ್ಲ...”

“ಅಂಚೆ ಕಚೇರಿಲಿ ಗೋಂದು ಇರ್ತದಲ ಮಾರಾಯ, ಅಲ್ಲೇ ಹಚ್ಚಿದ್ರಾತು. ಕೊನೇ ದಿನ ಯಾವತ್ತು ಅಂದೆ?”

“ಮಂಗಳವಾರದ ಟಪಾಲಿಗೆ ಹೋಗ್ಬೇಕು ಸಾರ್. ಅದು ತಪ್ಪಿದ್ರೆ ಮುಟ್ಟೋದಿಲ್ಲ.”

“ಹಂಗಾರೆ ಹೊರಡು. ಬಸ್ಸು ತಪ್ಪಿಸ್ಕಬೇಡ.”

ನಿಯಮ ಹೀಗಿದೆ ಸಾರ್ ಎಂದು ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗುರುಗಳಿಗೆ ನಿಯಮ ಹೇಳಿಕೊಡುವುದು ಹೇಗೆಂದು ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಬಾಗಿಲ ಪಕ್ಕದ ಮೇಜು ಬಿತ್ತು. ಮೇಜಿನ ಮೇಲೆ ಇನ್ನೊಂದು ಲಕೋಟೆ. ಅದಕ್ಕೆ ಅಂಟು ಹಚ್ಚಿತ್ತು. ಅಂಟಿನ ಮೇಲೆ ಮೇಷ್ಟ್ರ ಓರೆ ಅಕ್ಷರದ ರುಜು ಅಡ್ಡಲಾಗಿ ಬಿದ್ದಿತ್ತು. ಸಾಲದ್ದಕ್ಕೆ ಕೆಂಪು ಅರಗು. ಅದನ್ನು ಒಳಗಿಟ್ಟು ಕಳಿಸಲು ಪಕ್ಕದಲ್ಲಿದ್ದ ದೊಡ್ಡ ಲಕೋಟೆಯ ವಿಳಾಸ ಮೈಸೂರಿನ ಒಂದು ವಿದ್ಯಾರ್ಥಿನಿಲಯದ್ದು, ಹೆಸರು ವಿಘ್ನೇಶ್ವರ. ಮೇಷ್ಟ್ರ ಅಕ್ಕನ ಮಗ. ಉಚ್ಚಂಗಪ್ಪನ ಸಹಪಾಠಿ. ಪ್ರತಿ ಪರೀಕ್ಷೆಯಲ್ಲೂ ಅವನಿಗಿಂತ ನಾಲ್ಕೈದು ಅಂಕ ಹಿಂದೆ ಇರುತ್ತಿದ್ದವನು.

ಬಸ್ಸಿನಲ್ಲಿ ಕೂತ ಮೇಲೆ ಅದೆಲ್ಲ ಒಂದಕ್ಕೊಂದು ಕೂಡಿಕೊಳ್ಳತೊಡಗಿತು. ವಿಘ್ನೇಶ್ವರನೂ ಅರ್ಜಿ ಹಾಕಿದ್ದಾನೆ. ವೇತನ ಇರುವುದು ಒಬ್ಬನಿಗೆ. ನಿಯಮ ಮೇಷ್ಟ್ರಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ಗೊತ್ತಿರುವುದಕ್ಕೇ ಸೋದರಳಿಯನ ಲಕೋಟೆಗೆ ರುಜು ಬಿದ್ದಿದೆ. ಹಾಗಾದರೆ ತನ್ನದನ್ನು ತೆರೆದು ಕೊಟ್ಟದ್ದು ಮರೆವಿನಿಂದಲ್ಲ. ಕೆಟ್ಟದ್ದನ್ನು ಬರೆಯುವ ಪಾಪವೂ ಬೇಡ, ಅಂಟು ಹಚ್ಚದೆ ಬಿಟ್ಟರೆ ಸಾಕು, ದೂರದ ದೇಶದ ಗುಮಾಸ್ತನೇ ಅದನ್ನು ಬುಟ್ಟಿಗೆ ಹಾಕುತ್ತಾನೆ.

ಲೆಕ್ಕ ಸರಿಹೋಯಿತು. ಸರಿಹೋದದ್ದೇ ಅವನಿಗೆ ಸಂಕಟವಾಯಿತು.

ಯಾಕೆಂದರೆ ಆ ಜಗಲಿ ಅವನಿಗೆ ಬರೀ ಮೇಷ್ಟ್ರ ಜಗಲಿಯಾಗಿರಲಿಲ್ಲ. ಅವನ ಅಪ್ಪ, ಜಡೆ ಊರಿನ ಮಾಸ್ತಪ್ಪ, ಸಂತೆಗೆಂದು ಸೊರಬಕ್ಕೆ ಬಂದಾಗಲೆಲ್ಲ ಆ ಮನೆಗೆ ಹೋಗುತ್ತಿದ್ದ. ಮೇಷ್ಟ್ರ ಅಕ್ಕನನ್ನು ಜಡೆಗೇ ಕೊಟ್ಟಿತ್ತು. ಈ ಮನೆಯ ಕಾಗದ ಆ ಮನೆಗೆ, ಆ ಮನೆಯ ಕಾಗದ ಈ ಮನೆಗೆ, ಮಾಸ್ತಪ್ಪನ ರುಮಾಲಿನ ಮಡಿಕೆಯಲ್ಲಿ ಇಪ್ಪತ್ತು ವರ್ಷ ಓಡಾಡಿದ್ದವು. ಸಂತೆಯ ದಿನ ಸಂಜೆ ಮೇಷ್ಟ್ರು ದೀಪ ಹಚ್ಚಿಕೊಂಡು ಪುರಾಣದ ಪದ್ಯಗಳನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಅಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಕೂರುತ್ತಿದ್ದ, ಅವನ ತೊಡೆಗೆ ಒರಗಿಕೊಂಡು ಮಗ. ಅಕ್ಷರ ಕಲಿಯುವ ಮುಂಚೆಯೇ ಉಚ್ಚಂಗಪ್ಪ ಕಿವಿಯಲ್ಲಿ ಓದು ಕಲಿತದ್ದು ಅಲ್ಲಿ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಆ ದನಿ ಇನ್ನೂ ಕಿವಿಯಲ್ಲಿತ್ತು.

ಆ ಕಾಗದಗಳಿಗೂ ಅಂಟು ಇರುತ್ತಿರಲಿಲ್ಲ ಎಂಬುದು ಈಗ ನೆನಪಾಯಿತು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದವನ ಕೈಗೆ ಕೊಡುವ ಕಾಗದಕ್ಕೆ ಅಂಟು ಯಾಕೆ? ಎತ್ತಿನ ಮುಂದೆ ಏನನ್ನು ಮುಚ್ಚಿಡಬೇಕು? ಮಗನನ್ನೂ ಹಾಗೇ ಕಂಡರೇನೋ ಎಂದು ಅನ್ನಿಸಿದ್ದೇ ಅವನ ಕಿವಿ ಬಿಸಿಯಾಯಿತು.

ಶಿಕಾರಿಪುರದ ಬಾಡಿಗೆ ಕೋಣೆಯಲ್ಲಿ ಅವನ ಜೊತೆ ಇದ್ದವರು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಚಂದ್ರಶೇಖರಪ್ಪ. ವಯಸ್ಸಿನಲ್ಲಿ ಹತ್ತು ವರ್ಷ ಹಿರಿಯರು. ಸಂಜೆಯ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅವರು ಸಂಗತಿ ಕೇಳಿದರು. ಕೇಳಿ, ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

“ಸೋದರಳಿಯಂದಕ್ಕೆ ಅರಗು ಹಾಕ್ಯಾರೆ, ನಿಮ್ಮದಕ್ಕೆ ಎಂಜಲೂ ಹಚ್ಚಿಲ್ಲ. ಇನ್ನೇನ್ ಸಾಕ್ಷಿ ಬೇಕ್ರೀ ನಿಮಗೆ?”

“ಮೇಷ್ಟ್ರು ಅಂಥೋರಲ್ರಿ.”

“ಅಂಥೋರಲ್ಲ ಅಂದ್ರೆ ಬಸ್ಸಿಳಿದಾಗಿಂದ ಮುಖ ಯಾಕೆ ಹಂಗೈತೆ? ತೆಗೆದು ಓದಿಬಿಡ್ರಿ ಅತ್ಲಾಗೆ. ಅಂಟಿಸಿದ್ರೆ ಒಡೆಯೋ ಪಾಪ. ಇದೇನು, ಬಾಗಿಲು ತೆಗೆದ ಮನೆ.”

“ಅಭ್ಯರ್ಥಿ ಓದಬಾರದು ಅಂತ ಐತ್ರಿ.”

“ಅಂಟಿಸ್ಬೇಕು ಅಂತಾನೂ ಐತಲ್ರಿ. ಅದನ್ನ ಅವರು ಪಾಲಿಸಿದ್ರಾ?”

ಉಚ್ಚಂಗಪ್ಪನ ಮನಸ್ಸಿನಲ್ಲಿ ಮೇಷ್ಟ್ರ ಜಗಲಿಯಲ್ಲಿ ಕೇಳಿದ ಒಂದು ಪ್ರಸಂಗ ಎದ್ದಿತ್ತು. ತನ್ನನ್ನೇ ಕೊಲ್ಲಿಸುವ ಓಲೆಯನ್ನು ತಾನೇ ಹೊತ್ತು, ನಗುನಗುತ್ತಾ ದಾರಿ ನಡೆದವನೊಬ್ಬನ ಕಥೆ. ಅವನು ಮರದ ನೆರಳಲ್ಲಿ ಮಲಗುವ ಪದ್ಯ ಬಂದಾಗ ಅಪ್ಪ ಕಂಬಳಿಯ ಅಂಚು ಹಿಡಿದು, “ಏಳಪ್ಪ, ಏಳೋ” ಎಂದು ಪಿಸುಗುಟ್ಟುತ್ತಿದ್ದ. ಯಾರೋ ಪುಣ್ಯವಂತರು ಆ ಓಲೆ ಬಿಚ್ಚಿ ನೋಡಿದ್ದರಿಂದಲೇ ಅವನು ಉಳಿದ. ತನ್ನ ಓಲೆ ಬಿಚ್ಚುವವರು ಯಾರಿದ್ದಾರೆ?

ಒಳಗಿನ ಹಾಳೆ ಎಳೆದ. ಇಂಗ್ಲಿಷಿನಲ್ಲಿ ಬರೆದಿತ್ತು, ಒಂದೂ ಚಿತ್ತಿಲ್ಲದೆ. ಚಂದ್ರಶೇಖರಪ್ಪನವರಿಗಾಗಿ ಅವನು ಕನ್ನಡದಲ್ಲಿ ಹೇಳುತ್ತಾ ಹೋದ.

“ಮೂವತ್ತೊಂದು ವರ್ಷ ಪಾಠ ಹೇಳಿದ್ದೇನೆ. ಪುಸ್ತಕದ ಹಿಂದೆ ಅಚ್ಚಾದ ಉತ್ತರ ತಪ್ಪು ಎಂದು ನಿಂತು ಹೇಳಿದವನು ಈ ಹುಡುಗ ಒಬ್ಬನೇ. ನಾನು ಗದರಿದೆ. ಮರುದಿನ ಎಂಟು ಪುಟ ಲೆಕ್ಕ ಮಾಡಿಕೊಂಡು ಬಂದ. ಪುಸ್ತಕವೇ ತಪ್ಪಾಗಿತ್ತು. ತಾನು ಮಾಡಿ ನೋಡದ ಹೊರತು ಇವನು ಯಾವುದನ್ನೂ ನಂಬುವುದಿಲ್ಲ. ನಿಮ್ಮ ಯಂತ್ರ ಎಷ್ಟು ಬೇಗ ಉತ್ತರ ಕೊಡುತ್ತದೋ ನನಗೆ ತಿಳಿಯದು. ಅದರ ಪಕ್ಕದಲ್ಲಿ ಇಂಥವನೊಬ್ಬ ನಿಂತಿರುವುದು ಒಳ್ಳೆಯದು. ನನ್ನ ಸೋದರಳಿಯನೂ ನಿಮ್ಮಲ್ಲಿಗೆ ಅರ್ಜಿ ಹಾಕಿದ್ದಾನೆ. ಅವನ ಬಗ್ಗೆ ಬೇರೆ ಬರೆದಿದ್ದೇನೆ, ಅವನೂ ಜಾಣ. ಇಬ್ಬರಲ್ಲಿ ಒಬ್ಬನನ್ನು ಆರಿಸು ಎಂದರೆ ನಾನು ಇವನನ್ನು ಆರಿಸುತ್ತೇನೆ.”

ಚಂದ್ರಶೇಖರಪ್ಪ ಕೈಲಿದ್ದ ಎಲೆಯಡಿಕೆ ಹಾಗೇ ಹಿಡಿದುಕೊಂಡಿದ್ದರು. ಉಚ್ಚಂಗಪ್ಪ ಪುಟ ತಿರುಗಿಸಿದ. ಏಳೆಂಟು ಸಾಲು ಉಳಿದಿದ್ದವು. ಅದನ್ನು ಅವನು ಜೋರಾಗಿ ಓದಲಿಲ್ಲ.

“ಏನ್ರೀ? ಏನೈತೆ ಅದ್ರಾಗೆ?”

ಆ ಸಾಲುಗಳನ್ನು ಇನ್ನೊಮ್ಮೆ ಓದಿಕೊಂಡು ಹೇಳಿದ. ಲಕೋಟೆಯನ್ನು ಅಂಟಿಸಬೇಕೆಂಬ ನಿಮ್ಮ ನಿಯಮ ನನಗೆ ಗೊತ್ತು, ಅಂಚೆಯಲ್ಲಿ ಹೋಗುವ ಸೋದರಳಿಯನ ಪತ್ರವನ್ನು ಹಾಗೇ ಅಂಟಿಸಿದ್ದೇನೆ. ಆದರೆ ಕೈಯಲ್ಲಿ ಕೊಟ್ಟು ಕಳಿಸುವ ಕಾಗದಕ್ಕೆ ನಮ್ಮ ಕಡೆ ಅಂಟು ಹಚ್ಚುವುದಿಲ್ಲ. ಹಚ್ಚಿದರೆ ಒಯ್ಯುವವನ ಮುಖಕ್ಕೇ ಕಳ್ಳನೆಂದಂತೆ. ಇವನ ತಂದೆ ಇಪ್ಪತ್ತು ವರ್ಷ ನನ್ನ ಮನೆಯ ಕಾಗದ ಹೊತ್ತ, ಒಂದಕ್ಕೂ ನಾನು ಅಂಟು ಹಚ್ಚಲಿಲ್ಲ. ಆದ್ದರಿಂದ ಇದನ್ನೂ ತೆರೆದೇ ಕೊಡುತ್ತಿದ್ದೇನೆ. ಇವನು ಓದಿಲ್ಲವೆಂಬುದಕ್ಕೆ ನಾನು ಹೊಣೆ.

ಕೆಳಗೆ ರುಜು.

ಓದುವವರು ಒಂದು ಪದ್ಯ ಮುಗಿಸಿ ಮುಂದಿನದಕ್ಕೆ ಉಸಿರೆಳೆದುಕೊಳ್ಳುವಾಗ ಜಗಲಿಯಲ್ಲಿ ಒಂದು ಮೌನ ಬರುತ್ತಿತ್ತು. ಕೋಣೆಯಲ್ಲಿ ಅಂಥದೇ ಮೌನ. ಮುಂದಿನ ಪದ್ಯ ಮಾತ್ರ ಬರಲಿಲ್ಲ. ಅಪ್ಪನ ರುಮಾಲು ಅವನ ಕಣ್ಣಿಗೆ ಕಟ್ಟಿತು. ಜಡೆಯಲ್ಲಿ ಓದು ಬಲ್ಲವರು ಆಗಲೂ ಹತ್ತಾರು ಮಂದಿ ಇದ್ದರು. ಯಾರ ಹತ್ತಿರವಾದರೂ ಓದಿಸಬಹುದಿತ್ತು. ಅಪ್ಪ ಓದಿಸಲಿಲ್ಲ.

“ಈಗ ಏನಾತ್ರೀ ಮಹಾ,” ಎಂದರು ಚಂದ್ರಶೇಖರಪ್ಪ, ದನಿ ತಗ್ಗಿಸಿ. “ಒಳ್ಳೇದೇ ಬರದಾರೆ. ಮಡಚಿ ಒಳಗೆ ಹಾಕ್ರಿ. ಅವರ ರುಜು ಬೇಕಂದ್ರೆ ನಾನು ಹಾಕ್ತೀನಿ, ಹದಿನೈದು ವರ್ಷದಿಂದ ಚಿತ್ರ ಬರೆಸ್ತಿದೀನಿ. ನೀವು ಓದಿದ್ದು ಸಮುದ್ರದಾಚೆ ಯಾರಿಗೆ ಗೊತ್ತಾಗ್ತೈತೆ?”

“ನಾನು ಓದಿಲ್ಲ ಅಂತ ಅವರು ಬರೆದು ರುಜು ಹಾಕಿಬಿಟ್ಟಾರಲ್ರಿ.”

“ಅದಕ್ಕೇ ಹೇಳಿದ್ದು, ಯಾರಿಗೂ ಗೊತ್ತಾಗಲ್ಲ.”

“ಅವರು ಸುಳ್ಳು ಬರೆದಂಗಾತು.”

ಚಂದ್ರಶೇಖರಪ್ಪ ಎಲೆಯಡಿಕೆಯನ್ನು ತಟ್ಟೆಯಲ್ಲಿಟ್ಟರು. “ನಾನೇ ಹೇಳಿ ಓದಿಸ್ದೆ,” ಎಂದು ಗೊಣಗಿ, ಗೋಡೆ ಕಡೆ ತಿರುಗಿ ಕೂತರು.

ಸೋಮವಾರ ಶಾಲೆಗೆ ರಜೆ ಬರೆದುಕೊಟ್ಟು ಉಚ್ಚಂಗಪ್ಪ ಮೊದಲ ಬಸ್ಸು ಹತ್ತಿದ. ಓದಿದೆನೆಂದು ಹೇಳಿದರೆ ಮೇಷ್ಟ್ರು ಪತ್ರ ವಾಪಸು ತೆಗೆದುಕೊಂಡಾರು. ತೆಗೆದುಕೊಂಡರೆ ಇಂಗ್ಲೆಂಡೂ ಇಲ್ಲ, ಯಂತ್ರವೂ ಇಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಕಾಲು ಗಂಟೆ ನಿಂತಾಗ ಎದುರಿಗೇ ಅಂಚೆ ಡಬ್ಬ ಕಂಡಿತು. ಅವನು ಇಳಿಯಲಿಲ್ಲ.

ಮೇಷ್ಟ್ರು ಜಗಲಿಯಲ್ಲೇ ಇದ್ದರು. ಕನ್ನಡಕ ಹಣೆಗೇರಿಸಿ ನೋಡಿದರು.

“ಎಂತ, ತಿರುಗಿ ಬಂದ್ಯ? ಅಂಚೆಗೆ ಹಾಕಿದ್ಯನ?”

“ಇಲ್ಲ ಸಾರ್. ಓದಿದೆ.”

ಮೇಷ್ಟ್ರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

“ಎಂತಕ್ಕೆ?”

“ಮೇಜಿನ ಮೇಲೆ ವಿಘ್ನೇಶ್ವರನ ಲಕೋಟೆ ನೋಡಿದೆ. ಅದಕ್ಕೆ ಅಂಟು, ಅರಗು ಎಲ್ಲ ಇತ್ತು. ನಂದಕ್ಕೆ ಇರಲಿಲ್ಲ. ನೀವು ಬೇಕಂತ ಬಿಟ್ರಿ ಅಂದ್ಕಂಡೆ.”

ಅವರು ಬೈಯಲಿಲ್ಲ. ಕೈ ಚಾಚಿದರು. ಉಚ್ಚಂಗಪ್ಪ ಲಕೋಟೆ ಕೊಟ್ಟ. ಹಾಳೆ ಹೊರತೆಗೆದು ಮೊದಲ ಪುಟವನ್ನು, ಬೇರೆ ಯಾರೋ ಬರೆದದ್ದೆಂಬಂತೆ ನಿಧಾನ ಓದಿದರು. ಪುಟ ತಿರುಗಿಸಿದರು. ಕೊನೆಯ ಏಳೆಂಟು ಸಾಲಿನ ಹತ್ತಿರ ಬೆರಳು ನಿಂತಿತು.

“ಮೇಲಿಂದು ಸುಳ್ಳಲ್ಲ,” ಎಂದರು. “ಅದು ಇರ್ಲಿ.”

ಲೇಖನಿ ತೆಗೆದು, ಅಳತೆಪಟ್ಟಿ ಇಟ್ಟು, ಕೊನೆಯ ಆ ಸಾಲುಗಳ ಮೇಲೆಲ್ಲ ಗೆರೆ ಎಳೆದರು. ವಿದ್ಯಾರ್ಥಿಯ ಪುಸ್ತಕ ತಿದ್ದುವಾಗ ಎಳೆಯುತ್ತಿದ್ದ ಹಾಗೆಯೇ, ನೇರ. ಅಂಚಿನಲ್ಲಿ ಚಿಕ್ಕ ರುಜು ಹಾಕಿ ಶಾಯಿ ಒಣಗಲಿ ಎಂದು ಊದಿದರು.

“ನಂದೂ ತಪ್ಪದೆ. ನಮ್ಮೂರಿನ ರೀತಿ ಅವರಿಗೆಂತಕ್ಕೆ? ನಿಯಮ ಇದ್ದಂಗೆ ಮಾಡ್ಬೇಕಿತ್ತು.” ಆಮೇಲೆ ಒಳಗೆ ತಿರುಗಿ, “ಏ ಇವಳೆ, ಎರಡು ಅಗಳು ಅನ್ನ ತಗಂಬಾ. ಅಂಟು ಖಾಲಿಯಾಗಿದೆ,” ಎಂದರು.

ಅವರ ಹೆಂಡತಿ ನರ್ಮದಮ್ಮ ಬಾಳೆಲೆಯ ಚೂರಿನಲ್ಲಿ ಅನ್ನ ತಂದವರು, ಉಚ್ಚಂಗಪ್ಪನನ್ನು ನೋಡಿ, ಗಂಡನ ಕೈಲಿದ್ದ ಲಕೋಟೆ ನೋಡಿ, ಅರ್ಥವಾಗದೆ ನಿಂತರು.

“ಮಾಸ್ತಪ್ಪನ ಮಗನ ಕೈಯಲ್ಲೇ ಅಲ್ದಾ ಕೊಡೋದು? ಅದಕ್ಕೆಂತಕ್ಕೆ ಅನ್ನ?”

ಮೇಷ್ಟ್ರು ಬಾಳೆಲೆಯ ಚೂರನ್ನು ತಮ್ಮ ಕಡೆ ಎಳೆದುಕೊಂಡರು. ಉಚ್ಚಂಗಪ್ಪ ಜಗಲಿಯ ಕೆಳಗಿನ ಮೆಟ್ಟಿಲು ನೋಡುತ್ತಿದ್ದ. ಅಪ್ಪ ಕಂಬಳಿ ಹಾಸುತ್ತಿದ್ದ ಜಾಗ ಅದರ ಮುಂದೆಯೇ ಇತ್ತು. ನರ್ಮದಮ್ಮ ಇಬ್ಬರ ಮುಖವನ್ನೂ ಇನ್ನೊಮ್ಮೆ ನೋಡಿದರು. “ಆಸರಿಗೆ ತರ್ತೆ,” ಎಂದು ಕುಡಿಯಲು ಏನಾದರೂ ತರಲು ಒಳಗೆ ಹೋದರು.

ಮೇಷ್ಟ್ರು ಅಗಳನ್ನು ಹೆಬ್ಬೆರಳಲ್ಲಿ ಅರೆದು ಮಡಿಕೆಯ ಉದ್ದಕ್ಕೂ ಹಚ್ಚಿದರು. ಮುಚ್ಚಿದರು. ಅಂಗೈಯಿಂದ ಒತ್ತಿ ಹಿಡಿದು ಕೂತರು. ಆಮೇಲೆ ಅಂಟಿನ ಮೇಲೆ ಅಡ್ಡಲಾಗಿ ರುಜು ಹಾಕಿದರು. ಅರ್ಜಿಯ ನಿಯಮಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಲಕೋಟೆ ಈಗ ಅದು. ಯಾವ ಗುಮಾಸ್ತನೂ ಬುಟ್ಟಿಗೆ ಹಾಕುವಂತಿರಲಿಲ್ಲ.

“ತಗ. ಇಲ್ಲಿ ಟಪಾಲು ಹನ್ನೊಂದಕ್ಕೆ ಹೊರಡ್ತದೆ. ಹೋಗು.”

ಎರಡು ಕೈ ಚಾಚಿ ತೆಗೆದುಕೊಂಡ. ಕಾಲಿಗೆ ಬೀಳಬೇಕೆಂದು ಬಗ್ಗಿದ. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. ಬಿದ್ದು ಎದ್ದು, ಆಸರಿಗೆ ಕಾಯದೆ ಬೀದಿಗಿಳಿದ.

ಅಂಚೆ ಕಚೇರಿಗೆ ಇನ್ನೂರು ಹೆಜ್ಜೆ. ಲಕೋಟೆಯನ್ನು ಜೇಬಿಗಿಡದೆ ಕೈಯಲ್ಲೇ ಹಿಡಿದು ನಡೆದ. ಅನ್ನದ ಅಂಟು ಇನ್ನೂ ಹಸಿಯಾಗಿತ್ತು. ಬೆರಳು ಆ ಕಡೆ ಹೋಗದಂತೆ ಅವನು ದಾರಿಯುದ್ದಕ್ಕೂ ಜೋಪಾನ ಮಾಡಿದ.