ಮಸುಕಾದ ಗೆರೆ

“ಉಗಿಲಾ ಬಡ್ಡೀಮಗ್ನೆ. ದಿನಾ ನನ್ ಆಲೆಮನೆ ಗೋಡೆ ತುಂಬ ಕೆಂಪಗೆ ಉಗಿಯಕ್ಕೆ ಬತ್ತದೆ, ಇವತ್ತು ಒಂದ್ ಕೊಳ್ವೆ ತುಂಬ ಉಗಿಯಕ್ಕೆ ಬರಕಿಲ್ವಾ?”

ರಾಜೇಂದ್ರ ಸಾರ್ ಹುಣಸೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂಗುತ್ತಿದ್ದರು. ಹತ್ತು ಮಾರು ದೂರದಲ್ಲಿ ನನ್ನ ಅಪ್ಪ ಚಿಕ್ಕಮಾದು ಪುಟ್ಟದೊಂದು ಪ್ಲಾಸ್ಟಿಕ್ ಆಲಿಕೆಯನ್ನು ತುಟಿಗೆ ಹಿಡಿದು ನಿಂತಿದ್ದ. ಮೂರು ದಿನದ ಜ್ವರಕ್ಕೆ ಬಾಯಿ ಒಣಗಿತ್ತು. ಅವನ ಹಿಂದೆ ನಾವು ಹನ್ನೊಂದು ಜನ ಸಾಲಾಗಿ ನಿಂತಿದ್ದೆವು. ಹನಕೆರೆ ಹತ್ತಿರದ ಆ ಆಲೆಮನೆಯಲ್ಲಿ ಕಬ್ಬು ಅರೆಯುವವರು, ಒಲೆಗೆ ಸಿಪ್ಪೆ ಹಾಕುವವರು, ಬೆಲ್ಲ ಅಚ್ಚಿಗೆ ಸುರಿಯುವವರು. ಕಾಲೇಜು ಮುಚ್ಚಿದ ಮೇಲೆ ನಾನೂ ಅವರಲ್ಲಿ ಒಬ್ಬಳು.

ಅದು ಕೊರೊನಾ ಎರಡನೆಯ ಅಲೆಯ ಮೇ ತಿಂಗಳು. ಕೂಲಿಯವರಿಗೆ ಪರೀಕ್ಷೆ ಮಾಡಿಸದ ಆಲೆಮನೆಗೆ ಬೀಗ ಬೀಳುತ್ತದೆ ಎಂಬ ಸುದ್ದಿ ಹಬ್ಬಿತ್ತು. ಮೂಗಿಗೆ ಕಡ್ಡಿ ಹಾಕುವ ಪರೀಕ್ಷೆಗೆ ಮಂಡ್ಯಕ್ಕೆ ಹೋಗಬೇಕು, ವರದಿಗೆ ಮೂರು ದಿನ ಕಾಯಬೇಕು. ಜೊಲ್ಲಿನ ಪರೀಕ್ಷೆಗೆ ಹದಿನೈದು ನಿಮಿಷ ಸಾಕು. ಸಾರ್ ಅವರ ಭಾವಮೈದ ಮದ್ದೂರಿನ ತನ್ನ ಔಷಧಿ ಅಂಗಡಿಯಿಂದ ಒಂದು ಪೆಟ್ಟಿಗೆ ಕಿಟ್ಟು ತಂದುಕೊಟ್ಟಿದ್ದ.

“ಇದ್ರಲ್ಲಿ ನಿಮ್ಮುನ್ನ ಯಾರೂ ಮುಟ್ಟಂಗಿಲ್ಲ ಕಣ್ರೋ,” ಎಂದರು ಸಾರ್. “ಉಗುದ್ರಾಯ್ತು.”

ಅಪ್ಪ ದವಡೆಯಲ್ಲಿದ್ದ ಎಲೆ, ಹೊಗೆಸೊಪ್ಪನ್ನು ಪಕ್ಕಕ್ಕೆ ಉಗಿದು, ಚೊಂಬಿನ ನೀರು ಮುಕ್ಕಳಿಸಿ, ಆಲಿಕೆಗೆ ಉಗಿದ. ನೀರುನೀರಾದ ಕೆಂಪು ಕೊಳವೆಗೆ ಇಳಿಯಿತು.

“ಮದುವೆ ಎಣ್ಣಿನ ಅಂಗಾಲ್ ಇದ್ದಂಗದೆ ಕಣಣ್ಣ ನಿನ್ ಎಂಜ್ಲು,” ಎಂದಳು ಒಲೆಗೆ ಸಿಪ್ಪೆ ಹಾಕುವ ಇಂದ್ರಮ್ಮ. ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು.

ಪೆಟ್ಟಿಗೆಯಲ್ಲಿದ್ದ ಚೀಟಿಯನ್ನು ನಾನು ಓದಿದ್ದೆ. ಪರೀಕ್ಷೆಗೆ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು, ನೀರು ಕೂಡ. ಆಲೆಮನೆಯಲ್ಲಿ ಅರ್ಧ ಗಂಟೆ ಯಾರ ಬಾಯಿಯೂ ಖಾಲಿ ಇರುವುದಿಲ್ಲ. ಬೆಳಗಿನ ಐದಕ್ಕೆ ಹೊತ್ತಿದ ಒಲೆ ಆರುವವರೆಗೆ ಹೊಗೆಗೂ ಹಸಿವಿಗೂ ಎಲೆ, ಹೊಗೆಸೊಪ್ಪೇ ಮದ್ದು.

“ಸಾರ್, ಇದು ಸರ್ಯಾಗಿ ತೋರ್ಸಲ್ಲ. ಅರ್ಧ ಗಂಟೆ ಬಾಯಿ ಖಾಲಿ ಬುಟ್ಟು ಮಾಡ್ಬೇಕು ಅಂತ ಬರ್ದವ್ರೆ.”

“ಬರ್ದವ್ರೆ. ನಿಮ್ಮಪ್ಪ ನಿನ್ನ ಬಿಎಸ್ಸಿಗೆ ಸೇರುಸ್ದಾಗ್ಲೇ ಅಂದ್ಕಂಡೆ, ಒಂದಿನ ನಂಗೇ ಪಾಠ ಯೋಳ್ತಳೆ ಅಂತ. ಅರ್ಧ ಗಂಟೆ ಕೊಪ್ಪರಿಗೆ ತಾವ ನೀನ್ ನಿಂತ್ಕತೀಯೇನಮ್ಮಿ?”

ಕೊಳವೆಯಿಂದ ಹನಿ ಬಿಟ್ಟ ಹದಿನೈದು ನಿಮಿಷದ ಮೇಲೆ ಕಿಟ್ಟಿನ ಪಟ್ಟಿಯಲ್ಲಿ ‘ಸಿ’ ಎಂದು ಬರೆದ ಕಡೆ ಒಂದು ಗೆರೆ ಮೂಡಿತು. ಪಟ್ಟಿ ಕೆಟ್ಟಿಲ್ಲ ಎಂದಷ್ಟೇ ಆ ಗೆರೆಯ ಅರ್ಥ. ಸೋಂಕಿದ್ದರೆ ‘ಟಿ’ ಎಂದು ಬರೆದ ಕಡೆ ಇನ್ನೊಂದು ಮೂಡಬೇಕು. ಅಲ್ಲಿ ಖಾಲಿ.

“ನೆಗೆಟೀವು,” ಎಂದರು ಸಾರ್. “ಏನೂ ಇಲ್ಲ ನಿಂಗೆ. ನೆನ್ನೆ ಕುಡ್ಕಂಡ್ ಬಂದು ಪಾಕ ಸೀಸಿದ್ದೀಯ, ಅಷ್ಟೇಯ. ಓಗ್ಲಾ ಕೊಪ್ಪರಿಗೆ ತಾವ್ಕೆ.”

ಅಪ್ಪ ಕುಡಿಯುವವನಲ್ಲ. ಮೂವತ್ತು ವರ್ಷದಿಂದ ಬೆಲ್ಲದ ಹದ ನೋಡುವವನು. ಬೇರೆಯವರು ಪಾಕವನ್ನು ನೀರಿನ ಬಟ್ಟಲಿಗೆ ಬಿಟ್ಟು, ಉಂಡೆ ಕಟ್ಟಿ ನೋಡುತ್ತಾರೆ. ಅಪ್ಪ ಮೂಸಿಯೇ ಹೇಳುತ್ತಿದ್ದ. ಹಿಂದಿನ ದಿನ ಪಾಕ ಸೀದ ವಾಸನೆ ಕಬ್ಬಿನ ರಾಶಿಯ ಬಳಿ ಇದ್ದ ನನಗೆ ಬಂತು, ರಸ್ತೆಯಲ್ಲಿ ಹೋಗುವವರಿಗೂ ಬಂತು. ಕೊಪ್ಪರಿಗೆಯ ಮೇಲೇ ಬಗ್ಗಿದ್ದ ಅಪ್ಪನಿಗೆ ಬರಲಿಲ್ಲ. ಓಡಿ ಹೋಗಿ ನೋಡಿದರೆ, ಕಪ್ಪಾದ ಪಾಕದ ಮೇಲೆ ಮೂಗು ಅರಳಿಸಿಕೊಂಡು ಅವನಿನ್ನೂ ಹದ ಬರುವುದನ್ನೇ ಕಾಯುತ್ತಿದ್ದ. ವಾಸನೆ ಹೋಗುವುದು ಆ ರೋಗದ ಗುರುತು ಎಂದು ಓದಿದ್ದೆ.

ಪರೀಕ್ಷೆಯ ದಿನ ಸಂಜೆ ಹೇಳಿದೆ. “ಮಂಡ್ಯಕ್ಕೆ ಓಗವ ಕಣಪ್ಪ. ಮೂಗಿನ್ ಟೆಸ್ಟು ಮಾಡ್ಸಣ.”

“ಬ್ಯಾಡ ಕಣವ್ವ. ಮಳವಳ್ಳಿ ದೊಡ್ಡಪ್ಪ ಆಸ್ಪತ್ರೆಗೆ ಓದ್ನಲ್ಲ, ತಿರುಗ ಬಂದ್ನಾ? ಪ್ಲಾಸ್ಟಿಕ್ನಲ್ಲಿ ಸುತ್ತಿ…” ಉಸಿರಿಗಾಗಿ ಮಾತು ನಿಲ್ಲಿಸಿದ. “ಆಲೆಮನೆ ಗೌಡ್ರೇ ಏನೂ ಇಲ್ಲ ಅಂದವ್ರೆ. ಅದೇ ನಿಜ ಇರ್ಬೋದು ಬುಡು.”

ಅಪ್ಪನಿಗೂ ಆ ಒಂದೇ ಗೆರೆ ಬೇಕಾಗಿತ್ತು. ಜ್ವರಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಪೆಟ್ಟಿಗೆಯಿಂದ ಒಂದು ಕಿಟ್ಟನ್ನು ವೇಲಿನಲ್ಲಿ ಸುತ್ತಿ ತಂದಿದ್ದೆ. ಬೆಳಿಗ್ಗೆ ಅಪ್ಪ ಏಳುವ ಮುಂಚೆ ಎಲೆಯ ಚೀಲವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ಎದ್ದ ಕೂಡಲೇ ಖಾಲಿ ಬಾಯಲ್ಲೇ ಕೆಮ್ಮಿಸಿ ಉಗಿಸಿದೆ. ಈ ಸಲ ಜೊಲ್ಲು ಗಟ್ಟಿಯಾಗಿತ್ತು, ಬಣ್ಣವಿರಲಿಲ್ಲ. ಒಂಬತ್ತನೆಯ ನಿಮಿಷಕ್ಕೆ ‘ಟಿ’ಯ ಪಕ್ಕ ಗುಲಾಬಿ ಬಣ್ಣದ ನೂಲಿನಷ್ಟು ತೆಳ್ಳಗೆ ಏನೋ ಕಂಡಿತು. ಹದಿನೈದು ನಿಮಿಷ ತುಂಬುವವರೆಗೂ ಕಣ್ಣು ತೆಗೆಯಲಿಲ್ಲ. ಅದು ಅಳಿಸಲಿಲ್ಲ. ಮಸುಕಾದ ಗೆರೆಯೂ ಗೆರೆಯೇ ಎಂದು ಚೀಟಿಯಲ್ಲಿತ್ತು. ಗೆರೆ ಬರದಿದ್ದರೂ ಜ್ವರವಿದ್ದವರು ಮೂಗಿನ ಪರೀಕ್ಷೆ ಮಾಡಿಸಬೇಕು ಎಂದೂ ಇತ್ತು.

ನಾನು ತಲೆ ಎತ್ತುವಷ್ಟರಲ್ಲಿ ಅಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡು ಆಲೆಮನೆಗೆ ಹೊರಟುಹೋಗಿದ್ದ.

ನಾನೂ ಆಲೆಮನೆಗೆ ಓಡಿ ಪಟ್ಟಿಯನ್ನು ಸಾರ್ ಮುಂದೆ ಹಿಡಿದೆ.

“ಇದ್ ಗೆರೆನಾ? ಕೂದ್ಲು ಬಿದ್ದದೆ ಕಣಮ್ಮಿ,” ಎಂದರು. ಹಾಗೆನ್ನುತ್ತಲೇ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಗಲ್ಲದಲ್ಲಿದ್ದ ಮಾಸ್ಕು ಮೂಗಿಗೆ ಏರಿತು.

“ಗೆರೆನೇ ಸಾರ್. ಆಸ್ಪತ್ರೆಗೆ ಓಗಕ್ಕೆ ಗಾಡಿ ಕೊಡಿ.”

“ನೆನ್ನೆ ಎಲ್ರ ಮುಂದೆ ನೆಗೆಟೀವು ಬಂದದೆ. ಅದೇ ನಿಜ. ನೀನು ಕದ್ದು ಮಾಡುದ್ನ ನಂಬಕ್ಕಾಯ್ತದಾ? ಬಾಯ್ ಮುಚ್ಕಂಡಿರು. ಕೊಪ್ಪರಿಗೆ ತುಂಬ ಕಬ್ಬಿನಾಲು ಕುದೀತಾ ಅದೆ, ಇದೊಂದ್ ಪಾಕ ಇಳುಸ್ಬುಡ್ಲಿ.”

ಕಬ್ಬಿನ ರಾಶಿಗೆ ಒರಗಿ ಕೂತಿದ್ದ ಅಪ್ಪನಿಗೆ ಅದು ಕೇಳಿಸಿತು. “ಇಳುಸ್ತೀನಿ ಬುದ್ದಿ,” ಎಂದು ಎದ್ದ. ಕೊಪ್ಪರಿಗೆಯ ಕಡೆ ನಾಲ್ಕು ಹೆಜ್ಜೆ ಇಟ್ಟು ಕುಸಿದು ಕೂತ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ಅವನ ಎದೆಯ ಏರಿಳಿತ ಎಣಿಸಿದೆ. ನಿಮಿಷಕ್ಕೆ ಮೂವತ್ತಾರು. ನನ್ನ ಎಣಿಕೆ ತಪ್ಪಿರಲಿ ಎಂದು ಮತ್ತೆ ಎಣಿಸಿದೆ. ಮೂವತ್ತೆಂಟು.

ಅಂಗಳದಲ್ಲಿ ಬೆಲ್ಲದ ಮೂಟೆ ತುಂಬಿದ ಟೆಂಪೊ ಗಾಡಿ ಮಂಡ್ಯದ ಮಾರುಕಟ್ಟೆಗೆ ಹೊರಟು ನಿಂತಿತ್ತು. ಅಪ್ಪನ ಕಂಕುಳಿಗೆ ಕೈ ಹಾಕಿದೆ. ಎತ್ತಲಾಗಲಿಲ್ಲ.

“ತಡಿ ದೀಪಿಕ.” ಇಂದ್ರಮ್ಮ ಒಲೆ ಬಿಟ್ಟು ಬಂದಳು. ಸೆರಗನ್ನು ಬಾಯಿಗೆ ಕಟ್ಟಿಕೊಂಡು ಅಪ್ಪನ ಕಾಲು ಹಿಡಿದಳು. ಇಬ್ಬರೂ ಸೇರಿ ಅವನನ್ನು ಗಾಡಿಯ ಹಿಂದೆ, ಮೂಟೆಗಳ ಮೇಲೆ ಮಲಗಿಸಿದೆವು. ನಾನೂ ಹತ್ತಿದೆ.

“ಏಯ್, ಇಳುಸ್ರೇ ಅವನ್ನ.” ಸಾರ್ ಎದ್ದು ನಿಂತಿದ್ದರು. “ಜನ ತಿನ್ನೋ ಬೆಲ್ಲ ಕಣ್ರೇ ಅದು. ನಿಮ್ ಕೇರಿಯೋರ್ನ ಅದ್ರ ಮ್ಯಾಲೆ, ಅದೂ ಇಂಥ ರೋಗ ಬಂದಿರೋ ಬಡ್ಡೀಮಗನ್ನ…”

ಅಲ್ಲಿಗೆ ನಾಲಿಗೆ ಕಚ್ಚಿಕೊಂಡರು. ಕಬ್ಬು ಅರೆಯುವ ಗಾಣದ ಸದ್ದು ನಿಂತಿತ್ತು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

“ರೋಗ ಇಲ್ಲ ಅಂದ್ರಲ್ಲ ಸಾರ್,” ಎಂದೆ. “ನೆಗೆಟೀವು ಅಂದ್ರಲ್ಲ. ಬೆಲ್ಲಕ್ಕೇನಾಯ್ತದೆ?”

ಅವರು ಡ್ರೈವರ್ ಕಡೆಗೆ ಕೈ ಚಾಚಿದರು. “ಶಿವು, ಗಾಡಿ ಕೀ ಕೊಡ್ಲಾ ಇಲ್ಲಿ.”

ಡ್ರೈವರ್ ಶಿವು ಕೈಯಲ್ಲಿದ್ದ ಕೀಯನ್ನು ನೋಡಿದ, ಮೂಟೆಗಳ ಮೇಲಿದ್ದ ಅಪ್ಪನನ್ನು ನೋಡಿದ. ಒಳಗೆ ಕೂತು ಎರಡೂ ಕಡೆಯ ಗಾಜು ಇಳಿಸಿದ. ಎಂಜಿನ್ ಸದ್ದಾಯಿತು. ಸಾರ್ ಓಡಿ ಹೋಗಿ ಗೇಟಿಗೆ ಅಡ್ಡ ನಿಂತರು, ಎರಡೂ ಕೈಯಲ್ಲಿ ಮಾಸ್ಕನ್ನು ಮುಖಕ್ಕೆ ಒತ್ತಿಕೊಂಡು.

ಗಾಡಿ ನಿಧಾನವಾಗಿ ಅವರ ಕಡೆಗೇ ಹೊರಟಿತು. ಅಪ್ಪನ ತಲೆ ನನ್ನ ತೊಡೆಯ ಮೇಲೆ ಅಲುಗಿತು. ನಾನು ಎಣಿಸುವುದನ್ನು ಬಿಟ್ಟಿದ್ದೆ. ಇಳಿದ ಎದೆ ಮತ್ತೆ ಏರುವುದನ್ನಷ್ಟೇ ಕಾಯುತ್ತಿದ್ದೆ.